63ನೇ ಪುಟದ ಬಸ್ ಟಿಕೆಟ್

ಪ್ರೀತಿಯ ತಮ್ಮಾ,

ನಿನ್ನ ಪತ್ರ ಬಂದು ಮೂರು ವಾರ ಆಯಿತು. ತಡವಾಯಿತು ಅಂತ ಬೇಜಾರು ಮಾಡ್ಕೋಬೇಡ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ, ಸ್ವಲ್ಪ ದಿನ ಓದು ಬರಹ ಬೇಡ ಅಂದಿದ್ದರು. ಹಾಗಾಗಿ ನಿನ್ನ ಪತ್ರವನ್ನು ಮೊಮ್ಮಗಳ ಕೈಯಲ್ಲಿ ಓದಿಸಿ ಕೇಳಿದೆ. 'ಮಲೆಗಳಲ್ಲಿ ಮದುಮಗಳು ಮೂರು ಸಲ ಹಿಡಿದೆ, ಮೂರು ಸಲವೂ ಬಿಟ್ಟೆ, ದಯವಿಟ್ಟು ಯಾರಿಗೂ ಹೇಳಬೇಡಿ ಸರ್' ಅನ್ನೋ ಸಾಲು ಬಂದಾಗ ಅವಳು ಜೋರಾಗಿ ನಕ್ಕಳು. ನಿನ್ನ ಗುಟ್ಟು ಈಗ ಇಬ್ಬರಿಗೆ ಗೊತ್ತು.

ನಾನೂ ಕುವೆಂಪು ಅವರ ಆ ಕಾದಂಬರಿಯನ್ನು ಎರಡು ಸಲ ಬಿಟ್ಟವನು. ಮೊದಲ ಸಲ ಧಾರವಾಡದ ಹಾಸ್ಟೆಲ್ಲಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ಪುಸ್ತಕ ಏಳುನೂರು ಪುಟ ದಾಟುತ್ತದೆ. ನಾನು ಎಂಬತ್ತಕ್ಕೆ ಸುಸ್ತಾದೆ. ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ, ಹೂವಳ್ಳಿ ಅಂತ ಒಂದೊಂದೇ ಮನೆ, ಒಂದೊಂದು ಮನೆಗೂ ಒಬ್ಬ ಗೌಡ, ಒಬ್ಬ ಹೆಗ್ಗಡೆ, ಅವರ ಆಳುಗಳು, ಆಳುಗಳ ಹೆಂಡಂದಿರು. ನಾನು ಹಾವೇರಿ ಕಡೆಯ ಎರೆಹೊಲದ ಹುಡುಗ. ಸೋಗೆ ಮನೆ ಗೊತ್ತಿಲ್ಲ, ಕಂಬಳಿಕೊಪ್ಪೆ ಗೊತ್ತಿಲ್ಲ, ಇಂಬಳ ಕಂಡಿಲ್ಲ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನ ದಾರಿ ಹಿಡಿದು ಹೋಗುತ್ತಾನೆ. ಇವನೇ ಹೀರೋ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕತೆ ಅವನನ್ನು ಬಿಟ್ಟು ಬೇರೆ ಮನೆಯ ಜಗಲಿ ಹತ್ತಿ ಕೂತಿತು. ನನಗೆ ಮೋಸ ಹೋದ ಹಾಗಾಯಿತು.

ತಮಾಷೆ ಏನಂದ್ರೆ, ನಾನು ಓದಿಲ್ಲ ಅಂತ ಒಪ್ಪಿಕೊಳ್ಳಲಿಲ್ಲ. ಒಂದು ಸಂಜೆ ನಾಲ್ಕು ಜನ ಸೇರಿದಾಗ ಹಿರಿಯರೊಬ್ಬರು ಕೇಳಿದರು, 'ಮದುಮಗಳು ಅಂದ್ರೆ ಯಾರಪ್ಪಾ?' ನಾನು ಧೈರ್ಯವಾಗಿ 'ಚಿನ್ನಮ್ಮ' ಅಂದೆ. ಅವರು ಚಹಾ ಹೀರುತ್ತಾ ಮೆಲ್ಲಗೆ, 'ಹಾಗಾದ್ರೆ ತಿಮ್ಮಿ?' ಅಂದರು. ಗುತ್ತಿ ಹೊರಟಿದ್ದೇ ತಿಮ್ಮಿಯನ್ನು ಹಾರಿಸಿಕೊಂಡು ಬರೋಕೆ, ನಾನು ಓದಿದ್ದ ಎಂಬತ್ತು ಪುಟದೊಳಗೇ ಇದ್ದ ಹೆಸರು ಅದು. ನನಗೆ ಮರೆತೇ ಹೋಗಿತ್ತು. ಅವತ್ತು ಕುಡಿದ ಚಹಾದ ಬಿಸಿ ಈಗಲೂ ಗಂಟಲಲ್ಲಿದೆ. ಅದಕ್ಕೇ ಹೇಳ್ತೀನಿ, ಓದಿಲ್ಲ ಅಂದುಬಿಡು. ಓದಿದ ಹಾಗೆ ನಟಿಸೋದು ಓದೋದಕ್ಕಿಂತ ಕಷ್ಟದ ಕೆಲಸ.

ಪುಸ್ತಕ ಮುಗಿದದ್ದು ಬಹಳ ವರ್ಷದ ಮೇಲೆ. ಸ್ಕೂಟರಿನಿಂದ ಬಿದ್ದು ಕಾಲು ಮುರಿದು ಆರು ವಾರ ಮಲಗಿದ್ದೆ. ಕುವೆಂಪು ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ, ನೋಡಿದ್ದೀಯಲ್ಲ: 'ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ'. ಅದೇ ಪುಟದಲ್ಲಿ ಇನ್ನೊಂದು ಮಾತಿದೆ, ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ ಅಂತ. ಎರಡು ಸಲ ಓದಲು ಕೂತಾಗಲೂ ಅದನ್ನು ಚೆಂದದ ಮಾತು ಅಂತ ಮೆಚ್ಚಿ ಪುಟ ತಿರುಗಿಸಿದ್ದೆ. ಅದು ದಾರಿ ತೋರಿಸುವ ಬೋರ್ಡು ಅಂತ ಹೊಳೆದಿರಲಿಲ್ಲ. ಮೂರನೇ ಸಲ ಅವಸರ ಮಾಡೋಕೆ ನನಗೆ ಕಾಲೇ ಇರಲಿಲ್ಲ! ದಿನಕ್ಕೆ ಹದಿನೈದಿಪ್ಪತ್ತು ಪುಟ. ಹೀರೋ ಹುಡುಕೋದು ಬಿಟ್ಟೆ. ಪಾದ್ರಿಯ ಬೈಸಿಕಲ್ಲು ಆ ಕಾಡಿಗೆ ಬಂದು ಜನರ ಬಾಯಲ್ಲಿ 'ಬೀಸೇಕಲ್ಲು' ಆದಾಗ ಹಾಸಿಗೆಯಲ್ಲೇ ನಕ್ಕು ಕಾಲು ನೋಯಿಸಿಕೊಂಡೆ. ಕೊನೆಗೆ ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಹೋದಾಗ ಪುಸ್ತಕ ಮುಚ್ಚಿ ಗೋಡೆ ಕಡೆ ತಿರುಗಿದೆ. ಒಂದು ನಾಯಿಗೋಸ್ಕರ. ಏಳುನೂರು ಪುಟ ಅದರ ಹಿಂದೆ ನಡೆದಿರದಿದ್ದರೆ ಆ ಸಂಕಟ ಬರುತ್ತಿತ್ತಾ?

2010ರಲ್ಲಿ ಮೈಸೂರಿನ ರಂಗಾಯಣದವರು ಅದನ್ನು ರಾತ್ರಿಯಿಡೀ ನಾಟಕ ಆಡಿದರು. ಒಂಬತ್ತು ಗಂಟೆ. ಬಸವಲಿಂಗಯ್ಯನವರ ನಿರ್ದೇಶನ. ನನ್ನ ಪಕ್ಕ ಒಬ್ಬರು ಶಾಲು, ಫ್ಲಾಸ್ಕು, ಚಕ್ಕುಲಿ ಡಬ್ಬಿ ಸಮೇತ ಬಂದು ಕೂತಿದ್ದರು. 'ಪುಸ್ತಕ ಐವತ್ತು ಪುಟಕ್ಕೇ ಬಿಟ್ಟೆ ಸಾರ್' ಅಂತ ನಗುತ್ತಲೇ ಹೇಳಿದರು. ಬೆಳಗಿನ ಜಾವದವರೆಗೂ ಅವರು ಕಣ್ಣು ಮುಚ್ಚಲಿಲ್ಲ. ನಾನು ಮಧ್ಯೆ ಎರಡು ಸಲ ತೂಕಡಿಸಿದೆ, ಅವರೇ ಮೊಣಕೈಯಿಂದ ತಿವಿದು ಎಬ್ಬಿಸಿದರು.

ಈಗ ನಿನ್ನ ಪತ್ರದ ಎರಡನೇ ಭಾಗಕ್ಕೆ ಬರ್ತೀನಿ. ಅಸಲು ವಿಷಯ ಅಲ್ಲೇ ಇದೆ. ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಐದು ಜನ ಗೆಳೆಯರಿಗೆ ಕೊಟ್ಟೆ, ಒಬ್ಬರೂ ಮುಗಿಸಲಿಲ್ಲ. 'ಈಗಿನವರಿಗೆ ತಾಳ್ಮೆ ಇಲ್ಲ, ದೊಡ್ಡ ಪುಸ್ತಕಗಳ ಹಣೆಬರಹವೇ ಇಷ್ಟು' ಅಂತ ಬರೆದಿದ್ದೀಯ. ಮೊಮ್ಮಗಳು ಅದನ್ನು ಓದುವಾಗ ನಗಲಿಲ್ಲ. ನಾನೂ ನಗಲಿಲ್ಲ. ಯಾಕಂದ್ರೆ ಅದೇ ಮಾತನ್ನು ನಾನೂ ಒಂದು ಕಾಲದಲ್ಲಿ ಆಡಿಕೊಂಡು ತಿರುಗಿದ್ದೆ.

ನನ್ನ ಮೊದಲ ಕಾದಂಬರಿಯನ್ನು ಬ್ಯಾಂಕಿನ ಗೆಳೆಯನೊಬ್ಬನಿಗೆ ಕೊಟ್ಟಿದ್ದೆ. ಎರಡು ತಿಂಗಳಾದ ಮೇಲೆ ವಾಪಸ್ ಕೊಟ್ಟ. 'ಚೆನ್ನಾಗಿದೆ' ಅಂದ. ಮನೆಗೆ ಬಂದು ಕಟ್ಟು ಬಿಚ್ಚಿದರೆ 63ನೇ ಪುಟದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು. ಅಲ್ಲಿಂದ ಮುಂದಿನ ಹಾಳೆಗಳು ಅಂಗಡಿಯಿಂದ ತಂದ ಹಾಗೇ ಗರಿಗರಿಯಾಗಿದ್ದವು. ಮೊದಲ 62 ಪುಟಗಳ ಅಂಚು ಮಾತ್ರ ಬೆರಳು ಸೋಕಿ ಮಾಸಿತ್ತು.

ಸಿಟ್ಟು ಬಂತು. ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಆ ಪುಟ ತೆಗೆದು ಓದಿದೆ. ಏನಿತ್ತು ಗೊತ್ತಾ? ತಂಗಿಯೊಬ್ಬಳು ಮನೆ ಬಿಟ್ಟು ಹೋದ ಅಣ್ಣನನ್ನು ಹುಡುಕಿಕೊಂಡು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬರುತ್ತಾಳೆ. ಬಂದವಳನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಆರು ಪುಟ ಮಾರುಕಟ್ಟೆ ತೋರಿಸಿದ್ದೆ. ಡಬ್ಬಿ ಮೆಣಸಿನಕಾಯಿಗೂ ಕಡ್ಡಿ ಮೆಣಸಿನಕಾಯಿಗೂ ಏನು ವ್ಯತ್ಯಾಸ, ದಲಾಲಿ ಅಂಗಡಿ ಹೇಗೆ ನಡೆಯುತ್ತೆ, ತೊಟ್ಟು ಬಿಡಿಸುವ ಹೆಂಗಸರಿಗೆ ಕೂಲಿ ಎಷ್ಟು. ಎಲ್ಲಾ ಸರಿಯಾಗೇ ಇತ್ತು. ನಾಲ್ಕು ಭಾನುವಾರ ಅಲ್ಲಿಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದೆ. ಅಷ್ಟು ಕಷ್ಟಪಟ್ಟಿದ್ದನ್ನು ಬಿಡೋದು ಹೇಗೆ? ಪಾಪ, ಆ ಹುಡುಗಿ ಅಣ್ಣನನ್ನು ಮರೆತು ಮೆಣಸಿನಕಾಯಿ ರಾಶಿ ನೋಡ್ತಾ ನಿಂತಿದ್ದಳು. ನನ್ನ ಗೆಳೆಯ ಬಸ್ಸಿನಲ್ಲಿ ಊರು ಬಂತು ಅಂತ ಇಳಿದುಹೋಗಿದ್ದ.

ಅಮೆರಿಕದ ಹರ್ಮನ್ ಮೆಲ್ವಿಲ್‌ನ ಕಾದಂಬರಿ 'ಮಾಬಿ ಡಿಕ್' ನೆನಪು ಮಾಡಿಕೋ. ಅರ್ಧಕ್ಕೆ ಬಿಟ್ಟವರೇ ಜಾಸ್ತಿ ಇರುವ ಪುಸ್ತಕಗಳಲ್ಲಿ ಅದೂ ಒಂದು. 135 ಅಧ್ಯಾಯ. ಒಂದು ಬಿಳಿ ತಿಮಿಂಗಿಲದ ಬೇಟೆಗೆ ಹಡಗು ಹೊರಟ ಮೇಲೆ ಕತೆ ನಿಂತು ತಿಮಿಂಗಿಲಗಳ ಜಾತಿ, ತಲೆ, ಚರ್ಮ, ಕೊಬ್ಬು, ಎಣ್ಣೆ ಕಾಯಿಸುವ ಒಲೆ ಅಂತ ಶುರುವಾಗುತ್ತೆ. ನಾನೂ 32ನೇ ಅಧ್ಯಾಯದಲ್ಲಿ, ಆ ಜಾತಿಗಳ ಪಟ್ಟಿ ಬರುವಲ್ಲಿ, ಒಮ್ಮೆ ನಿಂತವನೇ. ಆದರೆ ಕೊನೆಗೆ ಆ ಬಿಳಿ ತಿಮಿಂಗಿಲ ಬಂದು ಹಡಗಿಗೆ ಗುದ್ದುವ ಹೊತ್ತಿಗೆ ಅದರ ತಲೆ ಎಷ್ಟು ದೊಡ್ಡದು, ಎಷ್ಟು ಗಟ್ಟಿ ಅಂತ ನಮ್ಮ ಮೈಗೇ ಗೊತ್ತಿರುತ್ತೆ. ಬೇಸರದಿಂದ ಓದಿದ ಪುಟಗಳೆಲ್ಲ ಆ ಒಂದು ಗುದ್ದಿನಲ್ಲಿ ವಸೂಲಾಗುತ್ತವೆ. ನನ್ನ ಮೆಣಸಿನಕಾಯಿ ಆ ಆರು ಪುಟ ಬಿಟ್ಟರೆ ಮತ್ತೆಲ್ಲೂ ಬರಲಿಲ್ಲ.

ಅದೇ ಪುಸ್ತಕಕ್ಕೆ 1851ರಲ್ಲಿ ಒಂದು ವಿಚಿತ್ರ ಗತಿ ಬಂತು. ಮೊದಲು ಲಂಡನ್ನಿನಲ್ಲಿ 'ದ ವೇಲ್' ಅನ್ನೋ ಹೆಸರಿನಲ್ಲಿ ಅಚ್ಚಾದಾಗ ಕೊನೆಯ ಉಪಸಂಹಾರವೇ ಬಿಟ್ಟುಹೋಗಿತ್ತು. ಕತೆ ಹೇಳುವವನೊಬ್ಬನೇ ಶವಪೆಟ್ಟಿಗೆ ಹಿಡಿದು ತೇಲಿ ಬದುಕಿದ ಅನ್ನೋದು ಅದರಲ್ಲೇ ಇದ್ದದ್ದು. ಎಲ್ಲರೂ ಮುಳುಗಿದ ಮೇಲೆ ಈ ಕತೆ ಹೇಳಿದ್ದು ಯಾರು ಸ್ವಾಮಿ ಅಂತ ಅಲ್ಲಿನ ವಿಮರ್ಶಕರು ಕೇಳಿದರು. ಕೇಳಿದ್ದು ಸರಿಯೇ ಇತ್ತು. ಓದುಗ ಎಡವಿದ ಅಂದ್ರೆ ಅಲ್ಲಿ ಒಂದು ಕಲ್ಲಿರುತ್ತೆ, ತಮ್ಮಾ. ಆ ಕಲ್ಲು ಬೇಕಂತಲೇ ಇಟ್ಟಿದ್ದಾ, ಯಾರೋ ಮರೆತು ಹೋಗಿದ್ದಾ ಅಂತ ಬಗ್ಗಿ ನೋಡಬೇಕಾದವರು ನಾವು.

ಕೆಲವು ಸಲ ಕಲ್ಲು ಓದುಗನ ಕಿವಿಯಲ್ಲಿರುತ್ತೆ. ದೇವನೂರ ಮಹಾದೇವರ 'ಕುಸುಮಬಾಲೆ' ಬಂದದ್ದು 1984ರಲ್ಲಿ. ಸಣ್ಣ ಪುಸ್ತಕ, ಒಂದು ಮಧ್ಯಾಹ್ನಕ್ಕೆ ಮುಗಿಸಬಹುದು ಅನ್ಸುತ್ತೆ ನೋಡಿದರೆ. ಇದನ್ನು ಯಾರಾದರೂ ಕನ್ನಡಕ್ಕೆ ಅನುವಾದ ಮಾಡ್ರಪ್ಪಾ ಅಂತ ಗೇಲಿ ಮಾಡಿದವರಿದ್ದರು. ನಾನೂ ಆ ಗುಂಪಿನವನೇ. ನಂಜನಗೂಡು ಸೀಮೆಯ ಮಾತು ನನ್ನ ಕಣ್ಣಿಗೆ ಹತ್ತಲೇ ಇಲ್ಲ. ಆಮೇಲೆ ನನಗೆ ನಂಜನಗೂಡಿಗೇ ವರ್ಗ ಆಯಿತು. ನಮ್ಮ ಶಾಖೆಯ ಅಟೆಂಡರ್ ಒಬ್ಬರು ಊಟದ ಹೊತ್ತಲ್ಲಿ ನನ್ನ ಮೇಜಿನ ಮೇಲಿದ್ದ ಪುಸ್ತಕ ತೆಗೆದು, 'ಇದೇನ್ ಸಾ, ನಮ್ಮವ್ವ ಮಾತಾಡ್ದಂಗದೆ' ಅಂತ ಓದತೊಡಗಿದರು. ರಾತ್ರಿ ಮನೆಮನೆಯ ಜೋತಮ್ಮಂದಿರು, ಅಂದ್ರೆ ದೀಪದ ತಾಯಂದಿರು, ಒಂದೆಡೆ ಸೇರಿ ಸುಖ ದುಃಖ ಮಾತಾಡಿಕೊಳ್ಳುವ ಭಾಗ ಅದು. ಅವರು ಓದುತ್ತಿದ್ದ ಹಾಗೆ ನನಗೆ ಒಂದೊಂದೇ ಪದ ಬಿಡಿಸಿಕೊಂಡಿತು. ಎಲ್ಲೂ ನಿಲ್ಲಿಸಿ ಅರ್ಥ ಹೇಳಲಿಲ್ಲ, ಹೇಳಬೇಕಾಗೂ ಇರಲಿಲ್ಲ. ಮುದ್ದೆ ಆರಿಹೋಗಿತ್ತು, ನಾವಿಬ್ಬರೂ ಗಮನಿಸಲೇ ಇಲ್ಲ. ಅದೇ ಪುಟ ನನ್ನ ಕೈಯಲ್ಲಿ ವರ್ಷಗಟ್ಟಲೆ ಸತ್ತ ಹಾಗೆ ಬಿದ್ದಿತ್ತು. ನಮ್ಮೂರಲ್ಲಿ ಅಕ್ಷರ ಬಾರದ ಅಜ್ಜಂದಿರು ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿ ತಲೆದೂಗುತ್ತಿದ್ದರು, ಬಿ.ಎ. ಓದಿದ ನಾನು ಟಿಪ್ಪಣಿ ಹುಡುಕುತ್ತಿದ್ದೆ. ನಿನ್ನ ಮದುಮಗಳನ್ನೂ ನಾಲ್ಕನೇ ಸಲ ಬಾಯಿಬಿಟ್ಟು ಓದಿ ನೋಡು. ಮನೆಯವರು ಹುಚ್ಚು ಅಂದರೆ ಅನ್ನಲಿ ಬಿಡು.

ಹಾಗಂತ ಎಲ್ಲವನ್ನೂ ಮುಗಿಸಲೇಬೇಕು ಅಂತೇನಿಲ್ಲ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಕಾದಂಬರಿ 'ಯುಲಿಸಿಸ್' ನನ್ನ ಕಪಾಟಿನಲ್ಲಿ ನಲವತ್ತು ವರ್ಷದಿಂದ ಇದೆ. ಮುಗಿಸಿಲ್ಲ, ಮುಗಿಸೋ ಆಸೆಯೂ ಈಗಿಲ್ಲ. ಅದು 1922ರಲ್ಲಿ ಬಂದಾಗ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಇನ್ನೂರು ಪುಟ ಓದಿ ಡೈರಿಯಲ್ಲಿ ಸಿಟ್ಟು ಕಾರಿಕೊಂಡಿದ್ದಾಳೆ. ಬೇಸರ, ಕಿರಿಕಿರಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಆದರೆ ಎಲ್ಲಿ ಖುಷಿಯಾಯಿತು, ಎಲ್ಲಿಂದ ತಲೆಚಿಟ್ಟು ಹಿಡಿಯಿತು ಅನ್ನೋದನ್ನೂ ಬರೆದಿಟ್ಟಳು. ಆಮೇಲೆ ಹೇಗೋ ಮುಗಿಸಿದಳು. ಮೂರು ವರ್ಷದ ಮೇಲೆ ಅವಳ 'ಮಿಸೆಸ್ ಡಾಲೊವೇ' ಬಂತು. ಅದೂ ಒಂದೇ ದಿನದಲ್ಲಿ ನಡೆಯುವ ಕತೆ, ಯುಲಿಸಿಸ್‌ನ ಹಾಗೇ. ಅಲ್ಲಿಂದ ಇಲ್ಲಿಗೆ ದಾರ ಕಟ್ಟೋದು ವಿಮರ್ಶಕರ ಕೆಲಸ. ನನಗೆ ಇಷ್ಟವಾಗೋದು ಆ ಡೈರಿ. ಬಿಟ್ಟ ಜಾಗವನ್ನೂ ಬಿಟ್ಟ ಕಾರಣವನ್ನೂ ಬರೆದಿಡುವ ಅಭ್ಯಾಸ.

ನನ್ನ ಹತ್ತಿರವೂ ಅಂಥ ಒಂದು ನೋಟ್‌ಬುಕ್ ಇದೆ. ಪುಸ್ತಕದ ಹೆಸರು, ನಿಂತ ಪುಟ, ಒಂದು ಸಾಲು ಕಾರಣ. 'ಮೂರು ಅತ್ತೆಯರ ಹೆಸರೂ ಒಂದೇ ಥರ.' 'ಮಳೆ ಶುರುವಾಗಿ ಒಂಬತ್ತು ಪುಟ, ಯಾರೂ ನೆನೆದಿಲ್ಲ.' 'ಹಲ್ಲುನೋವು' ಅಂತಲೂ ಒಂದು ಕಡೆ ಇದೆ, ಅದು ಪುಸ್ತಕದ ತಪ್ಪಲ್ಲ. ನೀನೂ ಒಂದು ಇಟ್ಟುಕೋ. ಮುಗಿಸಿದ ಪುಸ್ತಕಗಳ ಪಟ್ಟಿ ಎಲ್ಲರ ಹತ್ತಿರವೂ ಇರುತ್ತೆ. ನನಗೆ ಬರೆಯೋದು ಕಲಿಸಿದ್ದು ಈ ಇನ್ನೊಂದು ಪಟ್ಟಿ.

ಆ ಮೆಣಸಿನಕಾಯಿ ಕತೆ ಮುಗಿಸಿಬಿಡ್ತೀನಿ. ಆರು ಪುಟ ಹರಿದುಹಾಕಲು ಕೈ ಬರಲಿಲ್ಲ, ಟ್ರಂಕಿನಲ್ಲಿಟ್ಟೆ. ಅದರ ಜಾಗದಲ್ಲಿ ಎರಡು ಸಾಲು ಬರೆದೆ. ಮಾರುಕಟ್ಟೆಯ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದಾರೆ. ಅಷ್ಟು ಕೆಮ್ಮಿನ ನಡುವೆ ತಂಗಿ ಒಂದು ಕೆಮ್ಮಿಗೆ ತಿರುಗಿ ನೋಡುತ್ತಾಳೆ, ಮೂಟೆ ಹೊತ್ತ ಬೆನ್ನು ಮಾತ್ರ ಕಾಣುತ್ತೆ. ಅದೇ ಗೆಳೆಯನಿಗೆ ಮತ್ತೆ ಕೊಟ್ಟೆ. ಈ ಸಲ ಟಿಕೆಟ್ ಸಿಗಲಿಲ್ಲ. ಬೈದು ಒಂದು ಚೀಟಿ ಇಟ್ಟಿದ್ದ, ಕೊನೆ ಅಧ್ಯಾಯ ಅವನಿಗೆ ಹಿಡಿಸಿರಲಿಲ್ಲ.

ನಿನ್ನ ಐದು ಗೆಳೆಯರ ಹತ್ತಿರ 'ಹೇಗಿದೆ' ಅಂತ ಕೇಳಬೇಡ, ಸುಮ್ನೆ ಚೆನ್ನಾಗಿದೆ ಅಂದುಬಿಡ್ತಾರೆ. 'ಎಲ್ಲಿ ಬಿಟ್ಟೆ' ಅಂತ ಕೇಳು. ಐದು ಜನ ಐದು ಕಡೆ ಬಿಟ್ಟಿದ್ದರೆ ಅವರವರ ಗಡಿಬಿಡಿ ಇದ್ದೀತು. ಮೂರು ಜನ ಒಂದೇ ಅಧ್ಯಾಯದಲ್ಲಿ ನಿಂತಿದ್ದರೆ ಬೇರೆ ಕೆಲಸ ಬಿಟ್ಟು ಅಲ್ಲಿ ಕೂತ್ಕೋ. ಅಲ್ಲೇ ನಿನ್ನ ಮೆಣಸಿನಕಾಯಿ ಸಿಕ್ಕರೂ ಸಿಗಬಹುದು. ತಿಮಿಂಗಿಲ ಸಿಕ್ಕರೆ ಮುಟ್ಟಬೇಡ, ಹಾಗೇ ಇರಲಿ.

ಒಂದು ಪ್ರತಿ ನನಗೂ ಕಳಿಸು. ಕಣ್ಣು ಈಗ ಸರಿಯಾಗಿದೆ, ಹೊಸ ಕನ್ನಡಕ ಮುಂದಿನ ವಾರ ಬರುತ್ತೆ. ನಾನೂ ಅರ್ಧಕ್ಕೆ ಬಿಟ್ಟರೂ ಬಿಟ್ಟೇನು, ಆದರೆ ಎಲ್ಲಿ ಬಿಟ್ಟೆ ಅಂತ ಖಂಡಿತ ಬರೀತೀನಿ. ಹೋದ ಸಲ ಕಳಿಸಿದ ಕತೆಗಳಿಗೆ ನೀನು ಪುಟದ ನಂಬರ್ ಹಾಕಿರಲಿಲ್ಲ. ಈ ಸಲ ಹಾಕು.

ನಿನ್ನ,
ಅಣ್ಣ