ಬೆಸುಗೆ ಹಾಕುವುದನ್ನು ಮಕ್ಕಳಿಗೆ ಕನ್ನಡದಲ್ಲಿ ಕಲಿಸೋಣ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ನನ್ನ ಅಕ್ಕನ ಮಗಳು ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಅಳುಮುಖದಲ್ಲಿ ನಮ್ಮ ಮನೆಗೆ ಬಂದಳು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುವ ಹುಡುಗಿ. ಹಬ್ಬಕ್ಕೆ ಹಿರಿಯರು ಕೊಟ್ಟ ಹಣ ಕೂಡಿಟ್ಟು, ನಾವೇ ಜೋಡಿಸಿಕೊಳ್ಳುವ ಪುಟ್ಟ ರೋಬೋಟಿನ ಕಿಟ್ ತರಿಸಿದ್ದಳು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದರೆ ಅದರ ಜಾಡು ಹಿಡಿದು ಓಡುವ ಎರಡು ಚಕ್ರದ ಗಾಡಿ ಅದು.

"ಚಿಕ್ಕಮ್ಮಾ, ದೀಪ ಎರಡೂ ಉರಿಯುತ್ತವೆ. ಚಕ್ರ ಒಂದೇ ತಿರುಗುವುದು. ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಇದೆಲ್ಲ ನನ್ನಿಂದ ಆಗುವಂಥದ್ದಲ್ಲ" ಎಂದಳು.

ಆ ಕೊನೆಯ ಮಾತು ಮನಸ್ಸಿಗೆ ನಾಟಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ (ಸೋಲ್ಡರಿಂಗ್) ಹಾಕಿದವಳು. ನಮ್ಮ ಸಾಲಿನಲ್ಲಿ ಕುಳಿತವರೆಲ್ಲ ಹೆಂಗಸರೇ. ಹುಡುಗಿಯ ಕೈಯಿಂದ ಆಗದ ಕೆಲಸ ಇದಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆಗಲಿಲ್ಲವೆಂದರೆ ಯಾರೂ ಹೇಳಿಕೊಟ್ಟಿಲ್ಲ ಎಂದೇ ಅರ್ಥ.

ಪೆಟ್ಟಿಗೆಯೊಳಗಿನ ಹಾಳೆಯನ್ನು ತೆಗೆದು ನೋಡಿದೆ. ಎಳ್ಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಭಾಗಗಳ ಪಟ್ಟಿ ಇತ್ತು. ಬೆಸುಗೆಯ ಬಗ್ಗೆ ಇದ್ದದ್ದು ಒಂದೇ ಸಾಲು: ಎಲ್ಲವನ್ನೂ ಬೋರ್ಡಿಗೆ ಬೆಸೆಯಬೇಕು, ಅಷ್ಟೇ. ಹೇಗೆ ಎಂಬುದು ಎಲ್ಲಿಯೂ ಇಲ್ಲ. ಮಗು ತನಗೆ ತೋಚಿದಂತೆ, ಬಿಸಿಯಾದ ಸೋಲ್ಡರಿಂಗ್ ಐರನ್ನಿನ ತುದಿಯ ಮೇಲೆ ಲೆಡ್ (ಬೆಸುಗೆಯ ತಂತಿ) ಕರಗಿಸಿಕೊಂಡು, ಆ ಹನಿಯನ್ನು ಒಯ್ದು ಬಿಡಿಭಾಗಗಳ ತಂತಿ ಕಾಲುಗಳ ಮೇಲೆ ಇಟ್ಟಿದ್ದಳು. ಬೋರ್ಡನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿದರೆ ಕೆಸುವಿನ ಎಲೆಯ ಮೇಲೆ ನಿಂತ ನೀರಿನಂತೆ ಅಲ್ಲಲ್ಲಿ ಗುಂಡು ಗುಂಡು ಹನಿಗಳು. ಹೊಳಪಿಲ್ಲ, ತಾಮ್ರಕ್ಕೆ ಅಂಟಿಯೂ ಇಲ್ಲ. ನಿಂತುಹೋದ ಚಕ್ರದ ಮೋಟಾರಿಗೆ ವಿದ್ಯುತ್ ಬಿಡುವ ಟ್ರಾನ್ಸಿಸ್ಟರಿನ ನಡುವಿನ ಕಾಲನ್ನು ಸೂಜಿಯಿಂದ ಮುಟ್ಟಿದೆ. ಹನಿಯೊಳಗೆ ಅದು ಸಡಿಲು ಹಲ್ಲಿನಂತೆ ಅಲುಗಾಡಿತು.

ಇದಕ್ಕೆ ರಿಪೇರಿಯವರು ಡ್ರೈ ಸೋಲ್ಡರ್ ಎನ್ನುತ್ತಾರೆ. ಹಳೆಯ ಟಿ.ವಿ.ಯ ತಲೆಗೆ ಒಂದು ಪೆಟ್ಟು ಕೊಟ್ಟರೆ ಚಿತ್ರ ಮರಳಿ ಬರುತ್ತಿದ್ದುದು ಹೆಚ್ಚಿನವರಿಗೆ ನೆನಪಿರಬಹುದು. ಎಷ್ಟೋ ಸಲ ಅದಕ್ಕೂ ಇದೇ ಕಾರಣ. ಬಿಟ್ಟುಹೋದ ಬೆಸುಗೆ ಪೆಟ್ಟಿನ ಅದುರಿಗೆ ಒಂದಿಷ್ಟು ಹೊತ್ತು ತಾಗಿಕೊಳ್ಳುತ್ತಿತ್ತು.

ತಪ್ಪು ಏಕಾಯಿತೆಂದು ಹುಡುಗಿಗೆ ಹೇಳಲು ನನಗೆ ನೆನಪಾದದ್ದು ನಮ್ಮ ಬಾಲ್ಯದಲ್ಲಿ ಅಂಗಳಕ್ಕೆ ಬರುತ್ತಿದ್ದ ಕಲಾಯಿಯವರು. ಅವರು ಪಾತ್ರೆಯನ್ನು ಮೊದಲು ಚೆನ್ನಾಗಿ ಕಾಯಿಸುತ್ತಿದ್ದರು. ನವಸಾಗರ ಉದುರಿಸಿ ಕಿಲುಬು ಬಿಡಿಸಿದ ಮೇಲೆಯೇ ತವರ ತಾಗಿಸುತ್ತಿದ್ದರು, ಬಟ್ಟೆಯಿಂದ ಒರೆಸಿದರೆ ಅದು ಸಲೀಸಾಗಿ ಹರಡುತ್ತಿತ್ತು. ಇಲ್ಲಿಯೂ ಹಾಗೆಯೇ. ಲೆಡ್ ತಂತಿಯ ಹೊಟ್ಟೆಯೊಳಗೆ ರಾಳ ತುಂಬಿರುತ್ತದೆ. ನವಸಾಗರ ಮಾಡುತ್ತಿದ್ದ ಕೆಲಸವನ್ನು ಈ ರಾಳ ಮಾಡುತ್ತದೆ. ಐರನ್ನಿನ ಮೇಲೆಯೇ ಲೆಡ್ ಕರಗಿಸಿ ಹೊತ್ತೊಯ್ದರೆ ರಾಳ ದಾರಿಯಲ್ಲೇ ಸುಟ್ಟು ಹೊಗೆಯಾಗುತ್ತದೆ, ತಣ್ಣಗಿನ ತಾಮ್ರದ ಮೇಲೆ ಲೆಡ್ ಸುಮ್ಮನೆ ಕೂರುತ್ತದೆ. ಆದ್ದರಿಂದ ಐರನ್ನನ್ನು ಕಾಲಿಗೂ ಬೋರ್ಡಿನ ತಾಮ್ರದ ಬಳೆಗೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡು ಕಾದು, ಎದುರು ಬದಿಯಿಂದ ತಂತಿಯನ್ನು ಆ ಕಾಲಿಗೇ ಮುಟ್ಟಿಸಬೇಕು. ಮೊದಲು ತಂತಿ ತೆಗೆಯಬೇಕು, ಆಮೇಲೆ ಐರನ್. ಆರುವವರೆಗೆ ಅಲುಗಾಡಿಸಬಾರದು. ಸರಿಯಾದ ಬೆಸುಗೆ ಹೇಗಿರುತ್ತದೆಂದರೆ, ನಡುವೆ ಕಂಬ ನಿಲ್ಲಿಸಿ ಸುತ್ತ ಎಳೆದು ಕಟ್ಟಿದ ಡೇರೆಯ ಹಾಗೆ, ಇಳಿಜಾರಾಗಿ ಹೊಳೆಯುತ್ತದೆ.

ಲೆಡ್ ಎಂದು ಕರೆದರೂ ಅದು ಬರೀ ಸೀಸವಲ್ಲ. ಸಾಮಾನ್ಯವಾಗಿ ಸಿಗುವ ತಂತಿಯಲ್ಲಿ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. ತವರ ಒಂದೇ ಕರಗಲು 232 ಡಿಗ್ರಿ ಬೇಕು, ಸೀಸಕ್ಕೆ 327. ಬೆರೆತಾಗ 183ಕ್ಕೇ ಕರಗತೊಡಗಿ 190ರ ಆಸುಪಾಸಿಗೆ ಪೂರ್ತಿ ನೀರಾಗುತ್ತದೆ. ಇದನ್ನು ಕೇಳಿ ಹುಡುಗಿ ಕಣ್ಣರಳಿಸಿದಳು. ಸೀಸ ಇರುವುದರಿಂದ ಕೆಲಸ ಮುಗಿದೊಡನೆ ಸೋಪು ಹಾಕಿ ಕೈ ತೊಳೆಯಲೇಬೇಕು, ನಡುವೆ ಏನನ್ನೂ ತಿನ್ನಬಾರದು. ರಾಳದ ಹೊಗೆ ಎದೆಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ಬಿಡಿಭಾಗದ ಉಳಿದ ಕಾಲನ್ನು ಕತ್ತರಿಸುವಾಗ ತುಂಡು ಕಣ್ಣಿಗೆ ಹಾರುತ್ತದೆ, ಕನ್ನಡಕ ಬೇಕು.

ಎಲ್ಲ ಬೆಸುಗೆಗಳನ್ನೂ ಅವಳೇ ಮತ್ತೆ ಹಾಕಿದಳು. ಮೊದಲ ನಾಲ್ಕು ಅಷ್ಟೇನೂ ಚೆನ್ನಾಗಿರಲಿಲ್ಲ, ಐದನೆಯದಕ್ಕೆ ಕೈ ಕುದುರಿತು. ಚಕ್ರ ತಿರುಗಿತು, ಆದರೆ ಹಿಮ್ಮುಖವಾಗಿ. ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕೆಂದು ನಾನು ಹೇಳುವ ಮೊದಲೇ ಅವಳಿಗೆ ಹೊಳೆಯಿತು. ಸಂಜೆ ನಮ್ಮ ಜಗಲಿಯಲ್ಲಿ ಕಪ್ಪು ಟೇಪಿನ ಗೆರೆ ಹಿಡಿದು ಗಾಡಿ ಮೂರು ಸುತ್ತು ಓಡಿತು.

ಕೇರಳದಲ್ಲಿ 2025ರಿಂದ ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಪಾಠವಿದೆ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ರಾಜ್ಯ ಸರಕಾರದ ಕೈಟ್ ಸಂಸ್ಥೆ ಶಾಲೆಗಳಿಗೆ ಕಿಟ್‌ಗಳನ್ನೂ ಕೊಟ್ಟಿದೆ. ಇದು ಹೆಮ್ಮೆಯ ವಿಷಯ. ಆದರೆ ಆ ಕಿಟ್‌ಗಳಲ್ಲಿ ತಂತಿಗಳನ್ನು ಬ್ರೆಡ್‌ಬೋರ್ಡಿನ ತೂತುಗಳಿಗೆ ಚುಚ್ಚಿ ಜೋಡಿಸುತ್ತಾರೆ. ಕಲಿಕೆಗೆ ಅದು ಸರಿ, ಪಾಠ ಮುಗಿದ ಮೇಲೆ ಬಿಚ್ಚಿಡಬಹುದು. ಮಗು ತನ್ನದೇ ಆದ, ಬಿಚ್ಚಿಹೋಗದ ಒಂದು ವಸ್ತುವನ್ನು ಮಾಡಬೇಕಾದರೆ ಬೆಸುಗೆ ಬರಲೇಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಅಧ್ಯಾಪಕರಲ್ಲಿಯೂ ರಕ್ಷಕ ಶಿಕ್ಷಕ ಸಂಘದವರಲ್ಲಿಯೂ ನನ್ನ ವಿನಂತಿ ಇಷ್ಟೇ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ಮೇಜು, 25 ವಾಟಿನ ನಾಲ್ಕೈದು ಐರನ್, ಹಾಳಾದ ಕೆಲವು ಹಳೆಯ ಬೋರ್ಡುಗಳನ್ನು ಅಣಿಮಾಡಿ. ಊರಿನ ರೇಡಿಯೋ, ಟಿ.ವಿ. ರಿಪೇರಿಯವರನ್ನು ಕರೆಯಿರಿ. ಅವರ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ, ಕೈಯಲ್ಲಿರುವ ವಿದ್ಯೆ ಅವರ ಜೊತೆಗೇ ಹೋಗಬಾರದು. ನನ್ನಂತೆ ಕಾರ್ಖಾನೆಗಳಲ್ಲಿ ದುಡಿದು ಊರಿಗೆ ಮರಳಿದ ಹೆಂಗಸರನ್ನೂ ಕೇಳಿ. ಮಕ್ಕಳಿಗೆ ಅವರದೇ ಭಾಷೆಯಲ್ಲಿ ಹೇಳಿಕೊಡುವವರು ಊರಲ್ಲೇ ಇದ್ದಾರೆ.

ತಮ್ಮಲ್ಲಿಯೂ ಒಂದು ಕೋರಿಕೆ. ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಒಂದು ವಾರ ಬೆಸುಗೆಯ ವಿಧಾನವನ್ನು ದೊಡ್ಡ ಚಿತ್ರಗಳೊಂದಿಗೆ ಪ್ರಕಟಿಸಿ. ಎಲ್‌ಇಡಿಯ ಉದ್ದದ ಕಾಲು ಧನ, ಕೆಪಾಸಿಟರಿನ ಪಟ್ಟಿಯ ಕಡೆ ಋಣ ಎಂಬಲ್ಲಿಂದ ಹಿಡಿದು ಎಲ್ಲವನ್ನೂ ನಾನು ಬರೆದುಕೊಡುತ್ತೇನೆ, ಸಂಭಾವನೆ ಬೇಡ. ಬದಿಯಡ್ಕದ ಸುತ್ತಮುತ್ತಲ ಯಾವ ಶಾಲೆ ಕರೆದರೂ ಬರುತ್ತೇನೆ. ಐರನ್ ನನ್ನದೇ ಇದೆ, ತರುತ್ತೇನೆ.

ಇತಿ,
ಕಾರ್ಖಾನೆಯ ಹಳೆಯ ಕಾರ್ಮಿಕೆ, ಬದಿಯಡ್ಕ