ರಾತ್ರಿ ಶೌಚಾಲಯಕ್ಕೆ ಬೀಗ ಬೇಡ

ಮಾನ್ಯರೇ,

ಬೆಂಗಳೂರಿನ ಎಷ್ಟೋ ಕೊಳೆಗೇರಿಗಳಲ್ಲಿ ಮನೆಗೊಂದು ಶೌಚಾಲಯ ಕಟ್ಟಲು ಜಾಗವೇ ಇಲ್ಲ. ಅಲ್ಲಿ ಎಲ್ಲರಿಗೂ ಸೇರಿದ ಶೌಚಾಲಯವೇ ಗತಿ. ಸ್ವಚ್ಛ ಭಾರತ ಅಭಿಯಾನದ ಪ್ರಕಾರ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಸೀಟು ಇರಬೇಕು. ಆದರೆ ನೀರಿಲ್ಲದ, ಚಿಲಕ ಮುರಿದ ಸೀಟನ್ನು ಲೆಕ್ಕಕ್ಕೆ ಹಿಡಿದು ಏನು ಪ್ರಯೋಜನ?

ನಮ್ಮ ಮನೆ ಹತ್ತಿರದ ಇಂಥ ಒಂದು ಶೌಚಾಲಯಕ್ಕೆ ರಾತ್ರಿ ಬೀಗ ಬೀಳುತ್ತದೆ. ಅದಕ್ಕೇ ಅಲ್ಲಿನ ಹೆಂಗಸರು ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಸುರಿಯರು, ಸಕ್ಕರೆ ಕಾಯಿಲೆ ಇರುವವರು ಏನು ಮಾಡಬೇಕು ಹೇಳಿ.

ಇದಕ್ಕೆ ದಾರಿ ಇಲ್ಲವೆಂದಲ್ಲ. 1999ರಲ್ಲಿ ಪುಣೆ ಪಾಲಿಕೆ ಕೊಳೆಗೇರಿಗಳಲ್ಲಿ ಇಂಥ ಶೌಚಾಲಯ ಕಟ್ಟಿ ನೋಡಿಕೊಳ್ಳಲು ಸ್ವಯಂಸೇವಾ ಸಂಸ್ಥೆಗಳನ್ನು ಕರೆಯಿತು. ಸ್ಪಾರ್ಕ್ ಸಂಸ್ಥೆಯ ಜೊತೆ ಬಡ ಹೆಂಗಸರ ಉಳಿತಾಯ ಗುಂಪುಗಳ ಒಕ್ಕೂಟವಾದ ಮಹಿಳಾ ಮಿಲನ್‌ನ ಹೆಂಗಸರು ಕೈಜೋಡಿಸಿದರು. ಬಳಸುವವರ ಮಾತು ಕೇಳಿದ್ದರಿಂದ ಕಟ್ಟಡವೇ ಬೇರೆ ಥರ ಆಯಿತು. ಹೆಂಗಸರಿಗೆ ಪ್ರತ್ಯೇಕ ಸಾಲು, ಮಕ್ಕಳಿಗೆ ಚಿಕ್ಕ ಸೀಟು, ದೊಡ್ಡ ನೀರಿನ ತೊಟ್ಟಿ ಬಂದವು. ನೋಡಿಕೊಳ್ಳುವವರಿಗೆ ಅಲ್ಲೇ ಒಂದು ಕೋಣೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಕೋಣೆಯೇ. ಆಳು ಅಲ್ಲೇ ಇದ್ದರೆ ಬೀಗದ ಮಾತೇ ಬರುವುದಿಲ್ಲ, ಅಲ್ವಾ?

ಪ್ರತಿ ಸಲ ಕಾಸು ಕೇಳುವ ಪದ್ಧತಿಯೂ ನಿಲ್ಲಬೇಕು. ಐದಾರು ಜನರ ಮನೆಗೆ ಅದು ಜಾಸ್ತಿಯೇ. ಕುಟುಂಬಕ್ಕೆ ತಿಂಗಳ ಪಾಸ್ ಕೊಡಲಿ. ಹೊಸ ಕಟ್ಟಡಕ್ಕೆ ಟೆಂಡರ್ ಕರೆಯುವ ಮೊದಲು, ಈಗಿರುವ ಶೌಚಾಲಯಗಳ ದೀಪ, ನೀರು, ಚಿಲಕ ಸರಿಮಾಡಿಸಿ ರಾತ್ರಿಯಿಡೀ ತೆರೆದಿಡಲಿ.

– ಓದುಗ, ಬೆಂಗಳೂರು