ಮದ್ದು ಕೊಡುವವರನ್ನೂ ಆಶಾ ಕಾರ್ಯಕರ್ತೆಯರನ್ನೂ ಒಟ್ಟಿಗೆ ಕೂರಿಸಿ

ಉತ್ತರ ಕನ್ನಡ ಜಿಲ್ಲಾ ಪಂಚಾಯ್ತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಇನ್ನು ನಮ್ಮ ಜಿಲ್ಲೆಯಲ್ಲಿ ಯಾರ ಕಾಲೂ ಒಣಗುವುದಿಲ್ಲ. ನಾಟಿ ಮಾಡುವ ಹೆಂಗಸರ ಕಾಲ್ಬೆರಳ ಸಂದಿ ಕೊಳೆಯುತ್ತದೆ. ಒದ್ದೆ ಬಟ್ಟೆಯಲ್ಲೇ ದಿನ ಕಳೆಯುವವರಿಗೆ ತೊಡೆಸಂದಿಯಲ್ಲಿ ಹುಳಕಡ್ಡಿ ಏಳುತ್ತದೆ. ಒಂದು ಮಗುವಿಗೆ ಕಜ್ಜಿ ಹತ್ತಿದರೆ ಮನೆಮಂದಿಯೆಲ್ಲ ತುರಿಸಿಕೊಳ್ಳುತ್ತಾರೆ.

ಇದಕ್ಕೆಲ್ಲ ಜನ ಮೊದಲು ಹೋಗುವುದು ಹಿತ್ತಿಲಿಗೆ. ಅಲ್ಲಿ ಗುಣ ಕಾಣದಿದ್ದರೆ ಊರಲ್ಲಿ ಮದ್ದು ಕೊಡುವವರ ಮನೆಗೆ. ಆಸ್ಪತ್ರೆ ಏನಿದ್ದರೂ ಆಮೇಲೆ. ಜೋಯಿಡಾದ ಕುಣಬಿಗಳಿರಲಿ, ಅಂಕೋಲೆಯ ಹಾಲಕ್ಕಿಗಳಿರಲಿ, ಯಲ್ಲಾಪುರದ ಸಿದ್ದಿಗಳಿರಲಿ, ಶಿರಸಿಯ ಅಡಿಕೆ ತೋಟದವರಿರಲಿ, ಎಲ್ಲರದ್ದೂ ಇದೇ ದಾರಿ. ಜಿಲ್ಲೆಯ ಆರೋಗ್ಯ ವ್ಯವಸ್ಥೆ ಮಾತ್ರ ಈ ದಾರಿಯೇ ಇಲ್ಲ ಎನ್ನುವಂತೆ ನಡೆದುಕೊಳ್ಳುತ್ತದೆ. ನನ್ನ ತಕರಾರು ಅಷ್ಟೇ.

ಮುರುಗಲನ್ನೇ, ಅಂದರೆ ಕೋಕಂ ಹಣ್ಣನ್ನೇ ನೋಡಿ. ಹಣ್ಣಿನ ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ ಇಡುತ್ತೇವೆ. ಮೈಮೇಲೆ ಪಿತ್ತದ ಗಂದೆ ಎದ್ದರೆ ಅದೇ ಸಿಪ್ಪೆ ನೆನೆಸಿ ಹಚ್ಚುತ್ತೇವೆ, ನೀರು ಕುಡಿಯುತ್ತೇವೆ. ಬೀಜವನ್ನೂ ಬಿಡುವುದಿಲ್ಲ. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ, ಉಂಡೆ ಕಟ್ಟಿಡಬಹುದು. ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಆ ಮುರುಗಲ ತುಪ್ಪವನ್ನು ಮೀರಿಸಿದ್ದನ್ನು ನಾನಂತೂ ನೋಡಿಲ್ಲ. ಪೇಟೆಯಲ್ಲಿ ಕೋಕಂ ಬಟರ್ ಎಂದು ಚಂದದ ಡಬ್ಬಿಯಲ್ಲಿ ಮಾರುತ್ತಾರೆ. ಬೀಜ ಕುಟ್ಟುವವರ ಕೂಲಿ ಮಾತ್ರ ಇದ್ದಲ್ಲೇ ಇದೆ, ಇರಲಿ.

ಕಾಲ್ಬೆರಳ ಸಂದಿಗೆ ಗೋರಂಟಿ ಸೊಪ್ಪು ಅರೆದು ಕಟ್ಟುತ್ತಾರೆ. ಕಜ್ಜಿಗೆ ಹೊಂಗೆ ಎಣ್ಣೆ, ಬೇವಿನ ಎಣ್ಣೆ. ಹುಳಕಡ್ಡಿಗೆ ಸೀಮೆ ಅಗಸೆಯ ಎಲೆ, ಇಲ್ಲವೇ ನಾಗಮಲ್ಲಿಗೆ. ಇವೆಲ್ಲ ಬರೀ ನಂಬಿಕೆ ಅಲ್ಲ. ಸೀಮೆ ಅಗಸೆ ಎಲೆಯಲ್ಲಿ ಹುಳಕಡ್ಡಿಗೆ ಕಾರಣವಾದ ಬೂಷ್ಟನ್ನು (ಫಂಗಸ್) ತಡೆಯುವ ಅಂಶ ಇರುವುದು ಪ್ರಯೋಗಾಲಯದಲ್ಲೂ ಕಂಡಿದೆ. ತೊನ್ನಿಗೆ ಕೊಡುವ ಬಾವಂಚಿ ಬೀಜದಲ್ಲಿ ಸೋರಾಲಿನ್ ಇದೆ. ಅದೇ ಜಾತಿಯ ಔಷಧವನ್ನು ಚರ್ಮದ ಡಾಕ್ಟರುಗಳು ಬೆಳಕಿನ ಚಿಕಿತ್ಸೆಯಲ್ಲಿ ಬಳಸುತ್ತಾರೆ. ಆದರೆ ಬಾವಂಚಿ ಹಚ್ಚಿಕೊಂಡು ಬಿಸಿಲಲ್ಲಿ ಜಾಸ್ತಿ ಹೊತ್ತು ನಿಂತರೆ ಬೊಬ್ಬೆ ಏಳುತ್ತದೆ. ಹಿಮ್ಮಡಿ ಒಡಕಿಗೆ ಹಚ್ಚುವ ಗೇರುಸಿಪ್ಪೆಯ ಎಣ್ಣೆಯೂ ಹಾಗೇ, ಸ್ವಲ್ಪ ತಪ್ಪಿದರೆ ಸುಟ್ಟ ಗಾಯ.

ಹಳ್ಳಿ ಮದ್ದೆಲ್ಲ ಅಮೃತ ಎನ್ನುವವರ ಜೊತೆ ನಾನಿಲ್ಲ. ಸರ್ಪಸುತ್ತಿಗೆ ಇವತ್ತೂ ಕೆಮ್ಮಣ್ಣು ಬಳಿದು ಮಂತ್ರ ಹಾಕಿಸುತ್ತಾರೆ. ಅದು ಹಿಂದೆ ಬಂದಿದ್ದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸಿನ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುವುದು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿದರೆ ಹೆಚ್ಚು ಉಪಯೋಗ. ಕಣ್ಣಿನ ಹತ್ತಿರ ಎದ್ದರೆ ದೃಷ್ಟಿಗೇ ಕುತ್ತು. ಮಣ್ಣು ಒಣಗುವುದನ್ನು ಕಾಯುತ್ತಾ ಆ ಮೂರು ದಿನ ಕಳೆದರೆ ಹೇಗೆ? ಬಿಳಿಚಿದ ಮಚ್ಚೆಯಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, 6ರಿಂದ 12 ತಿಂಗಳು ನುಂಗಿದರೆ ವಾಸಿ. ಸೊಪ್ಪು ಹಚ್ಚುತ್ತಾ ಕೂತರೆ ಬೆರಳು ಹೋಗುತ್ತದೆ.

ಅಂಗಡಿಯ ಮುಲಾಮೂ ಸಾಚಾ ಅಲ್ಲ ಬಿಡಿ. ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಹುಳಕಡ್ಡಿಯ ತುರಿಕೆಯನ್ನು ಎರಡೇ ದಿನಕ್ಕೆ ತಣಿಸುತ್ತದೆ, ಆಮೇಲೆ ಮೈತುಂಬ ಹಬ್ಬಿಸುತ್ತದೆ. 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ತಂದಿದೆ. ಹಳ್ಳಿ ಅಂಗಡಿಯಲ್ಲಿ ಕೇಳಿ ನೋಡಿ, ಚೀಟಿ ಯಾರು ಕೇಳುತ್ತಾರೆ?

ಹಾಗಾಗಿ ನನ್ನ ಬೇಡಿಕೆ ಒಂದೇ. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಮದ್ದು ಕೊಡುವವರನ್ನೂ ಆಶಾ ಕಾರ್ಯಕರ್ತೆಯರನ್ನೂ ಒಂದು ದಿನ ಒಟ್ಟಿಗೆ ಕೂರಿಸಿ. ಸನ್ಮಾನ ಬೇಡ, ಶಾಲು ಬೇಡ, ಭಾಷಣವಂತೂ ಬೇಡವೇ ಬೇಡ. ಯಾವುದಕ್ಕೆ ಮನೆಮದ್ದು ಸಾಕು, ಯಾವುದನ್ನು ನೋಡಿದ ಕೂಡಲೇ ಆಸ್ಪತ್ರೆಗೆ ಕಳಿಸಬೇಕು ಎನ್ನುವುದು ಅಲ್ಲಿ ಮಾತಾಗಲಿ. ಕಜ್ಜಿಗೆ ಮದ್ದು ಕೊಡುವವರು ಮನೆಯವರೆಲ್ಲರಿಗೂ ಒಂದೇ ದಿನ ಹಚ್ಚಬೇಕು, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ತೊಳೆಯಬೇಕು ಎಂದರೆ ಅರ್ಧ ಕೆಲಸ ಮುಗಿಯಿತು. ಜನ ಅವರ ಮಾತು ಕೇಳುತ್ತಾರೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಚರ್ಮದ ಡಾಕ್ಟರೊಬ್ಬರನ್ನು ಕರೆಸಿ. ಗಿಡ ಗುರುತಿಸಲು ಶಿರಸಿಯ ಅರಣ್ಯ ಕಾಲೇಜಿದೆ. ಮಂಗನ ಕಾಯಿಲೆಯ ಊರುಗಳಲ್ಲಿ ಉಣುಗು ಕಚ್ಚದಂತೆ ಎಣ್ಣೆ ಹಂಚುವ ಇಲಾಖೆಗೆ ಇದೇನು ದೊಡ್ಡ ಕೆಲಸವಲ್ಲ, ಅಲ್ವಾ?

ಆ ದಿನವೇ ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕವನ್ನೂ ತೆರೆದಿಡಿ. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಊರಿನ ಗಿಡ, ಮದ್ದು, ತಿಳಿವಳಿಕೆ ಅದರಲ್ಲಿ ಇರಬೇಕು. ಸುಮ್ನೆ ಪಕ್ಕದ ಊರಿನ ಪಟ್ಟಿ ನೋಡಿ ತುಂಬಿಸಿದರೆ ಏನುಪಯೋಗ? ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಬರಹದಲ್ಲಿ ಇದ್ದದ್ದಕ್ಕೆ ಗೆದ್ದೆವು. ಹಾಲಕ್ಕಿ ಅಜ್ಜಿಯರ ಮದ್ದಿಗೆ ಯಾವ ಗ್ರಂಥವಿದೆ? ಗಿಡ ಬೆಳೆಸಿ ಹೆಸರಾದ ಹಾಲಕ್ಕಿ ಅಜ್ಜಿ, ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆ ಪಟ್ಟೆವು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕಾಡಿನ ಬಗ್ಗೆ ಅವರಿಗೆ ಗೊತ್ತಿದ್ದದ್ದರಲ್ಲಿ ಎಷ್ಟು ಕಾಗದಕ್ಕೆ ಇಳಿಯಿತು?

ಒಂದು ಎಚ್ಚರಿಕೆ. ಕೆಲವರು ಮದ್ದಿನ ಗುಟ್ಟು ಹೇಳುವುದಿಲ್ಲ. ಹೇಳಿದರೆ ಗುಣ ಹೋಗುತ್ತದೆ ಎಂದು ನಂಬುತ್ತಾರೆ. ಒತ್ತಾಯ ಮಾಡಬೇಡಿ. ಹೇಳಿದವರ ಹೆಸರು, ಒಪ್ಪಿಗೆ ಎರಡೂ ಪುಸ್ತಕದಲ್ಲಿ ಇರಲಿ, ಮತ್ತು ಆ ಪುಸ್ತಕ ಯಾರು ಕೇಳಿದರೂ ಜೆರಾಕ್ಸ್ ಮಾಡಿ ಕೊಡುವಂತೆ ಇರದಿರಲಿ.

ಆರೋಗ್ಯ ಇಲಾಖೆ, ಪಂಚಾಯ್ತಿ ಎರಡಕ್ಕೂ ನಿಮ್ಮ ಒಂದು ಸುತ್ತೋಲೆ ಸಾಕು. ಜೂನ್ ಮಳೆ ಹಿಡಿದ ಮೇಲೆ ಎಲ್ಲರೂ ಗದ್ದೆಯಲ್ಲಿರುತ್ತಾರೆ, ಸಭೆಗೆ ಯಾರೂ ಸಿಗುವುದಿಲ್ಲ. ದಯವಿಟ್ಟು ಮೇ ತಿಂಗಳೊಳಗೆ ಕಳಿಸಿ.

ಇತಿ,
ಅಂಕೋಲಾ ತಾಲೂಕಿನ ಒಬ್ಬ ನಿವಾಸಿ